ದೊರೆಗಿಂತ ಉದ್ದದ ಬಹುಪರಾಕ್

ಆಗಸ್ಟ್ 2, ಶನಿವಾರ

ಉಪ್ಪುನೀರು ಮುಕ್ಕಳಿಸಿದೆ. ಅರ್ಧ ಗಂಟೆ ಸ್ವರಸಾಧನೆ. ಕೆಳಗಿನ ಮನೆಯ ಚೀನೀ ಅಜ್ಜಿ ಪೊರಕೆ ಹಿಡಿಯಿಂದ ಸೂರಿಗೆ ಗುದ್ದಿದಳು — ಎಂದಿನ ಚಪ್ಪಾಳೆ.

ಸಂಜೆ ಪುಂಗೋಲ್‌ನಲ್ಲಿ, ನಮ್ಮೂರ ಹುಡುಗ ಪ್ರತಾಪನ ಮನೆಯಲ್ಲಿ ಸಭೆ. ಸಿಂಗಪುರದಲ್ಲಿರುವ ಮಾಚಿಪುರದವರು ಹನ್ನೊಂದು ಮನೆ, ಎಲ್ಲರೂ ಹಾಜರ್. ದೊರೆ ನಮ್ಮೂರಿಗೆ ಸಂತೆಯ ಹಕ್ಕು ಕೊಟ್ಟು ತಾಮ್ರಶಾಸನ ಬರೆಸಿ ಈ ಸಲಕ್ಕೆ ಎಂಟುನೂರು ವರ್ಷ! ಸೆಪ್ಟೆಂಬರ್ ಆರಕ್ಕೆ ಹಾಲ್ ಬುಕ್ ಆಗಿದೆ. ಸಭೆಗೆ ದೊರೆ ಬಂದು ಶಾಸನ ಓದುವ ರೂಪಕ.

ದೊರೆ ಯಾರು? ಎದೆ ಸೆಟೆಸಿ ಕೂತೆ. ನಾಟಕ ಕಂಪನಿಯ ಅನ್ನ ಉಂಡು ಬೆಳೆದ ಗಂಟಲು ಇದು...

"ಪ್ರತಾಪ್ ಆಗ್ಲಿ. ಹೈಟ್ ಇದೆ," ಅಂದಳು ಅವನ ಹೆಂಡತಿ ವರ್ಷಾ.

ಹೈಟ್!

"ಕೇಶವ ಅಂಕಲ್ ಹೊಗಳುಭಟ. ಆ ವಾಯ್ಸ್ ಇನ್ಯಾರಿಗಿದೆ?"

ಅಂದರೆ ಬಿರುದು ಕೂಗಿ ಅವನನ್ನು ಒಳಗೆ ಕರೆಯಬೇಕು. ನಾನು. ಅವನಿಗೆ ಬಹುಪರಾಕ್.

ಆಗಸ್ಟ್ 3

ಪ್ರತಾಪ್ ವಾಟ್ಸಾಪ್‌ನಲ್ಲಿ ಪೂರ್ತಿ ಸ್ಕ್ರಿಪ್ಟ್ ಕಳಿಸಿದ್ದಾನೆ. ಹನ್ನೆರಡು ಪುಟ. ಎರಡನೇ ಪುಟದಲ್ಲಿ ನನ್ನ ಐದು ಬಿರುದು. ಅಷ್ಟನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಕಂಪನಿಯಲ್ಲಿ ಅಪ್ಪನೂ ಹಾಗೇ — ತನ್ನ ಪಾರ್ಟು ಮಾತ್ರ ಬರೆದುಕೊಳ್ಳುವುದು, ಮಿಕ್ಕದ್ದು ಮಾಲೀಕರ ಪೆಟ್ಟಿಗೆಯಲ್ಲಿ. ದೊರೆಯ ಮಾತು ಓದಿ ಹೊಟ್ಟೆ ಉರಿಸಿಕೊಳ್ಳುವುದೇಕೆ? ಫೈಲ್ ಮುಚ್ಚಿದೆ.

ಆಗಸ್ಟ್ 23

ಮೂರನೇ ರಿಹರ್ಸಲ್. ಪ್ರತಾಪ್ ರಾಜಶಾಸನವನ್ನು ಆಫೀಸ್ ಇಮೇಲ್ ಹಾಗೆ ಓದುತ್ತಾನೆ! ಆದರೂ ಎಲ್ಲರೂ "ಸೂಪರ್". ಕಿರೀಟ ಅವನ ತಲೆಗೆ ಹೇಳಿ ಮಾಡಿಸಿದಂತೆ ಕೂರುತ್ತದೆ, ಅದೇ ಸಂಕಟ. ನನ್ನ ಪದ್ಮಜಾಳೂ, "ಎಷ್ಟು ಲಕ್ಷಣವಾಗಿದಾನೆ ಅಲ್ವೇನ್ರೀ?"

ಎಂಟನೇ ಪುಟಕ್ಕೆ ನಿಲ್ಲಿಸಿದ. "ಕೊನೇದು ನಿಮ್ದು ಅಂಕಲ್. ನಿಮಗೆಲ್ಲಾ ರಿಹರ್ಸಲ್ ಬೇಕಾ?"

ಕೊನೆಯದೇನು, ಇನ್ನೊಂದು ಪರಾಕು ಕೂಗಿ ಅವನನ್ನು ಒಳಗೆ ಕಳಿಸುವುದು ತಾನೆ. ಅಣಕ! ತಲೆಯಾಡಿಸಿ ಬಂದುಬಿಟ್ಟೆ. ಬುಕಿತ್ ಪಂಜಾಂಗಿನ ನಮ್ಮ ಮನೆ ತಲುಪುವವರೆಗೆ ಪದ್ಮಜಾಳ ಜೊತೆ ಮಾತಿಲ್ಲ.

ಸೆಪ್ಟೆಂಬರ್ 5

ಹೊಳೆಯಿತು. ಹೊಗಳುಭಟ ಬಾಯಿ ಮುಚ್ಚುವ ತನಕ ದೊರೆ ರಂಗಕ್ಕೆ ಬರುವಂತಿಲ್ಲ.

ಸೆಪ್ಟೆಂಬರ್ 6, ಮಧ್ಯಾಹ್ನ 3

ಆಹಾ! ಐದು ಬಿರುದಿನ ಜಾಗದಲ್ಲಿ ಅರವತ್ತು! ಎಲ್‌ಆರ್‌ಟಿ ಮಾರ್ಗಾಧೀಶ್ವರ! ವಾಯ್ಡ್ ಡೆಕ್ ವಿಹಾರಿ! ಹಾಕರ್ ಸೆಂಟರ್ ಸರದಿಸಾಲಿನ ಗಂಡ! ಇಲ್ಲಿನ ಪುಟ್ಟ ರೈಲು, ಫ್ಲಾಟುಗಳ ಕೆಳಗಿನ ಖಾಲಿ ಜಗಲಿ, ಊಟದಂಗಡಿ ಸಾಲು, ಯಾವುದನ್ನೂ ಬಿಡಲಿಲ್ಲ. ಹಾಲ್ ತುಂಬ ಕನ್ನಡದವರು, ಬಿದ್ದು ಬಿದ್ದು ನಕ್ಕರು. ಯಾರೋ "ಒನ್ಸ್ ಮೋರ್" ಅಂದರು. ಎಷ್ಟು ವರ್ಷವಾಗಿತ್ತು ಆ ಮಾತು ಕೇಳಿ... ಮತ್ತೆ ಮೊದಲಿಂದ ಕೂಗಿದೆ. ಪರದೆ ಸಂದಿಯಲ್ಲಿ ದೊರೆ ಕೈಸನ್ನೆ ಮಾಡುತ್ತಲೇ ಇದ್ದ. ನೋಡಲಿಲ್ಲ. ಹದಿನಾಲ್ಕು ನಿಮಿಷ!

ಕೊನೆಗೂ ಬಂದ, ಗಡಿಬಿಡಿಯಲ್ಲಿ ಓದಿದ. ಎಂಟನೇ ಪುಟ ಮುಗಿಯುವಷ್ಟರಲ್ಲಿ ಹಾಲ್‌ನವರು ಲೈಟ್ ಹಾಕಿದರು — ಒಂದು ಗಂಟೆಗೆ ಬೇರೆಯವರ ಬುಕಿಂಗ್. ಅಲ್ಲಿಗೇ ಮಂಗಳ.

ಪ್ರತಾಪ್ ಕಿರೀಟ ತೆಗೆದು ನನ್ನನ್ನೇ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಯಾಕೆ ಇರಲಿಲ್ಲ?

ಸೆಪ್ಟೆಂಬರ್ 7

ವರ್ಷಾ ಫೋನ್. "ಅಂಕಲ್, ಪ್ರತಾಪ್ ಊಟಾನೇ ಮಾಡ್ಲಿಲ್ಲ. ನಿಮ್ಮ ಭಾಗ ಹೋಯ್ತಲ್ಲಾ ಅಂತ."

"ನನ್ನ ಭಾಗ ಜೋರಾಗೇ ಆಯ್ತಲ್ಲಮ್ಮ!"

"ಅದಲ್ಲ ಅಂಕಲ್. ಕೊನೇ ನಾಲ್ಕು ಪುಟ. ದೊರೆ ಕಿರೀಟ ತೆಗೆದು ಶಾಸನ ನಿಮ್ಮ ಕೈಗೆ ಕೊಡ್ತಾನಲ್ಲ, ಊರವರ ಪರವಾಗಿ ನೀವು ಓದೋದು... ಅದು ಅಂಕಲ್ ಗಂಟಲಲ್ಲೇ ಕೇಳ್ಬೇಕು ಅಂತ ಅವ್ನೇ ಬರೆದಿದ್ದು. ನೀವು ಓದಿದ್ರಲ್ಲಾ?"

"ಓದ್ದೇ ಇರ್ತೀನಾ," ಅಂದೆ. "ಹಲೋ? ಕೇಳಿಸ್ತಿಲ್ಲ ಅಂಕಲ್" ಅಂದಳು. ನನಗೆ!

ಸೆಪ್ಟೆಂಬರ್ 11

ಫೈಲ್ ತೆರೆದೆ. ಒಂಬತ್ತರಿಂದ ಹನ್ನೆರಡು, ಪ್ರತಿ ಪುಟದ ತಲೆಯ ಮೇಲೆ ನನ್ನ ಹೆಸರು.

ನೋಟ್‌ಬುಕ್ಕಿಗೆ ಇಳಿಸುತ್ತಿದ್ದೇನೆ. "ಮುಗಿದೋಯ್ತಲ್ರೀ, ಈಗ್ಯಾಕೆ?" ಅಂದಳು ಪದ್ಮಜಾ. ಪಾರ್ಟು ಕಣೇ, ಅಂದೆ. ಬರೆಯುತ್ತ ಮೆಲ್ಲಗೆ ಓದುತ್ತಿದ್ದೇನೆ. ಕೆಳಗಿನ ಅಜ್ಜಿ ಗುದ್ದುತ್ತಿಲ್ಲ.

ಇನ್ನೊಂದೇ ಸಾಲು ಬಾಕಿ. ಎಲ್ಲ ಶಾಸನಗಳ ಕೊನೆಗೂ ಇರುವ ಶಾಪದ ಸಾಲು.

ಈ ಧರ್ಮವನ್ನು ಕೆಡಿಸಿದವನು —