ನಲವತ್ತೊಂದರ ಹಾಜರಿ

೧೦ ಜನವರಿ ೧೯೭೨, ಸೋಮವಾರ, ಸಂಜೆ

ಸಾರಿ. ಮತ್ತೆ ಡೈರಿ ಹಿಡಿದಿದ್ದೇನೆ. ಮಾತಾಡಲು ಬಾರದವರ ಚಟ ಇದು ಎಂದು ಬೆಳಗಾವಿ ಹಾಸ್ಟೆಲಿನ ವಾರ್ಡನ್ ನಗುತ್ತಿದ್ದರು. ಇರಲಿ.

ಇಂದೂ ಕಾಲೇಜಿನ ರೋಲ್‌ ಕಾಲ್‌ನಲ್ಲಿ ನನ್ನ ನಂಬರಿಗೆ ತಡವರಿಸಿದೆ. 'ಫಾರ್ಟಿವನ್' — ಸರ್ ಎರಡು ಸಲ ಕೂಗಿದರು. ಕೊನೆಗೆ ಪಕ್ಕದ ಸೀನನೇ 'ಪ್ರೆಸೆಂಟ್ ಸರ್' ಅಂದ.

"ಇನ್ನ ದಿನಾ ನಾನಽ ಹೇಳ್ತೀನಿ ತಗೋ, ಖಂಡಪ್ಪ. ಬರದವಗ ಪ್ರಾಕ್ಸಿ ಕೊಡ್ತಾರ ಮಂದಿ. ನಾ ಬಂದು ಕುಂತವಗ ಕೊಡ್ತೀನಿ."

ಸಮಾಧಾನವಾಯಿತು. ನಾಚಿಕೆಯೂ.

ಪ್ರಾಕ್ಟಿಕಲ್‌ನಲ್ಲಿ ಗಾಜಿನ ಕಡ್ಡಿಯನ್ನು ಗ್ಲಿಸರಿನ್‌ನಲ್ಲಿ ಅದ್ದಿದೆವು. ಮುಳುಗಿದಷ್ಟೂ ಮಾಯ. ಎರಡರಲ್ಲೂ ಬೆಳಕಿನ ವೇಗ ಒಂದೇ ಅಂತೆ. ಅಂಚಿನಲ್ಲಿ ಬಾಗುವುದಿಲ್ಲ, ಕಣ್ಣಿಗೆ ಅಂಚೇ ಸಿಗುವುದಿಲ್ಲ...

೨೭ ಜನವರಿ

ಎರಡು ವಾರದಿಂದ ಕ್ಲಾಸಿನಲ್ಲಿ ಬಾಯಿ ತೆರೆದಿಲ್ಲ. ಇಂದು ಬಾಂದ್ರಾದಲ್ಲಿ ಮುಂಬಯಿ ಲೋಕಲ್ ರೈಲು ಹತ್ತಿದವನೊಬ್ಬ ನನ್ನ ತೊಡೆಯ ಮೇಲೇ ಕುಳಿತ. ಸಾರಿ ಅನ್ನಲಿಲ್ಲ. ಗೋರೆಗಾಂವ್ ತನಕ ಪೇಪರ್ ಓದಿದ. ಏಳಿ ಎನ್ನಲು ನನಗೂ ಆಗಲಿಲ್ಲ.

ನಾನು ಉಳಿದುಕೊಂಡಿರುವ ಕಾಕಾನ ಮನೆಯಲ್ಲಿ ಕಾಕಿ ಎರಡೇ ತಟ್ಟೆ ಹಾಕಿದ್ದರು — ಕಾಕಾಗೊಂದು, ತಮಗೊಂದು.

"ಅಯ್ಯ, ನೀ ಯಾವಾಗ ಬಂದಿಪಾ?"

ಬಾಗಿಲು ತೆಗೆದದ್ದು ಅವರೇ.

೭ ಫೆಬ್ರವರಿ, ಸೋಮವಾರ

ಸೀನನ ಅಜ್ಜಿಗೆ ಸೀರಿಯಸ್. ಶನಿವಾರ ರಾತ್ರಿಯೇ ವಿಜಾಪುರಕ್ಕೆ ಹೋದ. ಇಂದು ಹಾಜರಿ ನಾನೇ ಹೇಳಬೇಕಿತ್ತು. ಇಲ್ಲಿನವರು ಮೋರಿ ಎನ್ನುವ ಮೂಲೆಯ ಬಚ್ಚಲಲ್ಲಿ ಸ್ನಾನ ಮಾಡುತ್ತ ಹತ್ತು ಸಲ ಪ್ರಾಕ್ಟೀಸ್ ಮಾಡಿದೆ.

'ಫಾರ್ಟಿವನ್.'

'ಪ್ರೆಸೆಂಟ್ ಸರ್.'

ನಾನಲ್ಲ. ಸೀನನ ಧ್ವನಿಯೂ ಅಲ್ಲ. ಬೆಂಚಿನ ಮೇಲೆ ಅವನ ಖಾಲಿ ಜಾಗದಿಂದ ಬಂತು.

ಎದ್ದು ನಿಂತೆ. "ಸರ್, ಫಾರ್ಟಿವನ್ ನಾನು."

ಸರ್ ತಲೆ ಎತ್ತಿದರು. ನನ್ನ ಹಿಂದಿನ ಗೋಡೆ ನೋಡಿದರು. "ಫಾರ್ಟಿವನ್ ಆಲ್ರೆಡಿ ಪ್ರೆಸೆಂಟ್. ಪ್ರಾಕ್ಸಿ ಯಾರದು?"

ಕ್ಲಾಸು ನಕ್ಕಿತು. ಯಾರೂ ನನ್ನ ಕಡೆ ತಿರುಗಲಿಲ್ಲ.

೯ ಫೆಬ್ರವರಿ, ಮಧ್ಯಾಹ್ನ ೩

ಪ್ರಾಕ್ಟಿಕಲ್ ಜರ್ನಲ್‌ಗೆ ಸರ್ ಸಹಿ ಬೀಳದಿದ್ದರೆ ಟರ್ಮ್ ಮಂಜೂರಾಗುವುದಿಲ್ಲ. ಟರ್ಮ್ ಇಲ್ಲದಿದ್ದರೆ ಪರೀಕ್ಷೆ ಇಲ್ಲ — ಒಂದು ವರ್ಷ ಹೋಯಿತು. ಹತ್ತೊಂಬತ್ತನೇ ತಾರೀಖು ಕಡೆಯ ದಿನ. ಸ್ಟಾಫ್‌ರೂಮಿಗೆ ಹೋಗಿ ಸರ್ ಮುಂದೆ ಜರ್ನಲ್ ಇಟ್ಟೆ. ಪುಟ ತಿರುವಿದರು. ಪ್ಯೂನ್‌ನನ್ನು ಕರೆದರು.

"ಇದನ್ನ ಯಾರು ಇಟ್ಟು ಹೋದರು? ಹುಡುಗನೇ ಬರಬೇಕು, ಹೇಳು."

ನಾನು ಇಬ್ಬರ ನಡುವೆ ನಿಂತಿದ್ದೆ.

೧೦ ಫೆಬ್ರವರಿ

ಸೀನನಿಗೆ ಬರೆಯಲು ಇನ್‌ಲ್ಯಾಂಡ್ ಲೆಟರ್ ತಂದಿದ್ದೇನೆ. ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ —

ಸೀನ, ಹತ್ತೊಂಬತ್ತರ ಒಳಗೆ ಬಾ. ಸರ್ ಎದುರು ನನ್ನ ಹೆಗಲ ಮೇಲೆ ಕೈ ಹಾಕಿ, ಖಂಡಪ್ಪ ಅಂದರೆ ಇವನೇ ಎಂದು ಹೇಳು. ಅಷ್ಟೇ ಸಾಕು. ಖಂಡಪ್ಪ ಯಾರು ಎಂದು ನಿನಗೂ ನೆನಪಾಗದಿದ್ದರೆ, ಅದನ್ನಾದರೂ ಬರಿ. ಬೇಗ ಉತ್ತರ ಬರಿ