ಟುಂಬಾದ ಪಾನಾ

ಯುನೂಸ್,

ನಿನ್ನನ್ನು ಮಣ್ಣು ಮಾಡಿದ ಮೇಲೆ ನಮ್ಮ ಆರ್ಕೆಸ್ಟ್ರಾಕ್ಕೆ ಬಂದ ಮೊದಲ ಮದುವೆ ಇವತ್ತಿನದು, ರಾಜೇಶ್ವರ ಊರಿನದು. ಹುಮನಾಬಾದಿನ ನಿಮ್ಮ ಅಂಗಳದಲ್ಲಿ ನಿನ್ನ ಮೂರೂ ಕಾಂಗೋ ಡ್ರಮ್ಮುಗಳನ್ನು ನಿಲ್ಲಿಸಿ ಬಾರಿಸಿ ನೋಡಿದೆ. ಸಣ್ಣ ಕ್ವಿಂಟೋ ಚುರುಕಾಗಿ ಮಾತಾಡಿತು, ನಡುವಿನದು ಉತ್ತರ ಕೊಟ್ಟಿತು. ಅಗಲ ಬಾಯಿಯ ದೊಡ್ಡ ಟುಂಬಾ ಮಾತ್ರ ಮಳೆಯ ತಂಪಿಗೆ ಚರ್ಮ ಸಡಿಲಾಗಿ, ಒದ್ದೆ ಗೋಣಿಚೀಲ ಬಡಿದ ಹಾಗೆ ಸದ್ದು ಮಾಡಿತು. ಬೋಲ್ಟು ಬಿಗಿಯುವ ಪಾನಾ ನಿನ್ನ ಟ್ರಂಕಿನಲ್ಲಿ ಸಿಗಲಿಲ್ಲ. ನಿನ್ನ ಅಮ್ಮಿಯನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

ನಾನು ಹಲಗೆ ಬಾರಿಸಿ ಬೆಳೆದವನು. ಹುಲ್ಲಿನ ಬೆಂಕಿ ಹಾಕಿ, ಹಲಗೆ ಕಾಯಿಸುವ ಹಾಗೆಯೇ ಟುಂಬಾವನ್ನು ಬಗ್ಗಿಸಿ ಹಿಡಿದೆ. ಸ್ವರ ಏರಿತು, ಇನ್ನಷ್ಟು ಏರಲಿ ಎಂದೆ. ಅಂಚಿನಿಂದ ಅಂಚಿಗೆ ಚರ್ಮ ಸೀಳಿಹೋಯಿತು! ಏನು ಮಾಡಲಿ ಹೇಳು? ಸೀಳಿನಲ್ಲಿ ನೋಡಿದರೆ, ಸದ್ದಾಗದಂತೆ ಒಳಮೈಗೆ ಹಗ್ಗದಿಂದ ಬಿಗಿದು ಕಟ್ಟಿದ ಪಾನಾ ಕಾಣಿಸಿತು.

ಸದ್ದು ಕೇಳಿ ಅಮ್ಮಿ ಓಡಿಬಂದರು.

"ಇತ್ತೀಚಿಗ ಪಾನಾ ಅದರಾಗೇ ಕಟ್ಟಿಡ್ತಿದ್ದನಲ್ಲೋ ಬಕ್ಕಪ್ಪ! ನಿನಗ ಹೇಳಿರ್ಲಿಲ್ಲೇನು? ಎಲ್ಲಾ ನಿನಗೇ ಹೇಳ್ತಿದ್ದ."

ಕೊನೆಯ ತಿಂಗಳು ನಾವು ಮಾತು ಬಿಟ್ಟಿದ್ದು ಅವರಿಗೆ ಇನ್ನೂ ಗೊತ್ತಿಲ್ಲ.

"ಹೇಳಿದ್ದ ಅಮ್ಮಿ, ನಾನೇ ಮರ್ತೆ" ಅಂದೆ.