ಮಗ್ಗದ ಸೋಡಾಕ್ಕೆ ಬಣ್ಣ

ಗಜೇಂದ್ರಗಡ
೧೨ ಮೇ ೨೦೨೪

ಪ್ರೀತಿಯ ಮಗಳು ಬನಶ್ರೀಗೆ,

ಮೈ ಡಿಯರ್ ಡಾಟರ್ ಎಂದು ಶುರು ಮಾಡಬೇಕೆಂದಿದ್ದೆ, ಪೆನ್ನು ಕನ್ನಡಕ್ಕೇ ಹೊರಳಿತು. ಕಾಲೇಜಿನ ಇಂಗ್ಲಿಷು ಈಗ ಅಷ್ಟೇ ಉಳಿದಿದೆ. ನಾನು ಆರಾಮ. ನರಗುಂದದಲ್ಲಿ ನೀನು, ಅಳಿಯಂದಿರು, ಸೋಡಾ ಕಾರ್ಖಾನೆ ಎಲ್ಲ ಕ್ಷೇಮವೆಂದು ನಂಬಿದ್ದೇನೆ. ನೀನು ಕೆಂಪು ಬಣ್ಣ ಹಾಕಿ ಕಳಿಸಿದ ನಮ್ಮ ಮಗ್ಗದ ಸೋಡಾದ ಬಾಟಲಿ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತು, ಎಕ್ಸ್‌ಕ್ಯೂಸ್ ಮಿ.

ರುಚಿ ಅದೇ ಇದೆ. "ಬಣ್ಣ ಇಲ್ಲದ್ದನ್ನ ಈಗಿನ ಹುಡುಗ್ರು ಮುಟ್ಟೂದಿಲ್ಲಪ್ಪಾ. ಅವ್ವ ಇದ್ದಿದ್ರ ಆಕಿನೂ ಹೂಂ ಅಂತಿದ್ಲು" ಎಂದು ನೀನು ಫೋನಿನಲ್ಲಿ ಅಂದೆ. ನಾನು ಮಳೆಯ ಮಾತು ತೆಗೆದು ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ವ್ಯಾಪಾರ ನಿನ್ನದು, ಡಿಸಿಷನ್ನೂ ನಿನ್ನದೇ. ಆದರೆ ಮಗ್ಗದ ಸೋಡಾಕ್ಕೆ ಇಲ್ಲಿಯವರೆಗೆ ಬಣ್ಣ ಯಾಕಿರಲಿಲ್ಲ ಎಂಬುದನ್ನು ಕೇಳಿಕೋ.

ನೀನು ಹುಟ್ಟುವ ಮೊದಲು ನಮ್ಮದು ನೇಕಾರರ ಓಣಿಯಲ್ಲಿ ಸಣ್ಣ ಸೋಡಾ ಅಂಗಡಿ. ಕೆಂಪು ಸೋಡಾಕ್ಕೇ ಗಿರಾಕಿ ಹೆಚ್ಚು. ಒಂದು ಮಧ್ಯಾಹ್ನ ಓಣಿಯ ನೇಕಾರ ಪ್ರಭುಲಿಂಗಪ್ಪನಿಗೆ ಸೋಡಾ ಕೊಡಲು ಹೋದಾಗ, ಅವನ ಮಗ್ಗದ ಮೇಲೆ ನನ್ನ ಕೈಯ ಬಾಟಲಿ ಉಕ್ಕಿ, ಮುಗಿಯುತ್ತ ಬಂದಿದ್ದ ತಿಳಿಹಳದಿ ಸೀರೆಯ ತುಂಬ ಕಲೆ. "ಏನ್ ಮುದಿಯಪ್ಪಾ, ಬಿ.ಎ. ಓದಿ ನನ್ನ ಸೀರಿಗೆ ಓಕುಳಿ ಆಡಿದ್ಯಲ್ಲೋ" ಎಂದು ಅವನು ನಕ್ಕುಬಿಟ್ಟ. ಅವನ ಹೆಂಡತಿ ಮಾತ್ರ ಗೋಡೆಗೆ ಮುಖ ಮಾಡಿ ಅತ್ತಳು. ಅದು ನಿನ್ನವ್ವ ವೀರವ್ವನಿಗೆ ನಾಟಿತು. ಅವಳೂ ನೇಕಾರರ ಮಗಳಲ್ಲವೇ.

"ನಾಳಿಂದ ನಮ್ಮ ಅಂಗಡ್ಯಾಗ ಬಣ್ಣ ಬ್ಯಾಡ್ರಿ" ಎಂದಳು.

"ಹಂಗಾದ್ರ ಯಾರ ಕುಡೀತಾರ?"

"ಕುಡಿಯೂವಂಗ ಮಾಡ್ತೀನಿ. ನೀವ್ ಸುಮ್ಮ ಕುಂದರ್ರಿ."

ಲಿಂಬೆ, ಏಲಕ್ಕಿ, ಚಿಟಿಕೆ ಉಪ್ಪು. ಹಳೆ ಪಂಚೆಯಲ್ಲಿ ಸೋಸಿ ಸೋಸಿ ನೀರಿನಂತೆ ತಿಳಿ ಮಾಡಿದಳು. ಮಗ್ಗದ ಮೇಲೆ ಚೆಲ್ಲಿದರೂ ಕಲೆಯಾಗದ್ದಕ್ಕೆ ಮಗ್ಗದ ಸೋಡಾ ಎಂದು ನೇಕಾರರೇ ಹೆಸರಿಟ್ಟರು. ಈಗ ರೋಣದ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಕೇಳಿ ಕುಡಿಯುವವರಿಗೆ ಆ ಹೆಸರು ಯಾಕೆಂದು ಗೊತ್ತಿಲ್ಲ. ಗೊತ್ತಿರಬೇಕೆಂದೂ ಇಲ್ಲ. ನಿನಗೆ ಗೊತ್ತಿರಲಿ.

ಬಿಸಿಲು ಜೋರಿದೆ, ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮಿಬ್ಬರಿಗೂ ಆಯುಷ್ಯ, ಆರೋಗ್ಯ ಕೊಟ್ಟು ದೇವರು ಕಾಯಲಿ.

ನಿನ್ನ ಅಪ್ಪ,
ಮುದಿಯಪ್ಪ

ತಾ.ಕ.: ಇದೊಂದನ್ನು ನಿನಗೆ ಹೇಳಿರಲಿಲ್ಲ. ಮರೆವು ಹೆಚ್ಚಾಗಿ ನಿನ್ನವ್ವ ದವಾಖಾನೆಯಲ್ಲಿದ್ದಾಗ, ಒಂದು ದಿನ ಗಾಜಿನ ಲೋಟದಲ್ಲಿ ಮಗ್ಗದ ಸೋಡಾ ಕೊಟ್ಟೆ. ಕುಡಿದು, ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಭಾಳ ಚಲೋ ಐತಿ. ಬಣ್ಣ ಹಾಕಿಲ್ಲ ನೋಡ್ರಿ, ಯಾರೋ ಮಗ್ಗದ ಮನಿಯಾಕಿನ ಮಾಡಿರಬೇಕು" ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅವಳ ಕೈ ಹಿಡಿದುಕೊಂಡೆ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ಸೆರಗು ಸರಿಮಾಡಿಕೊಂಡು ಕೇಳಿದಳು:

"ನೀವ್ ಯಾರ ಪೈಕಿರಿ, ಅಣ್ಣಾ?"